ನೋವಡಗಿದ ಮಾತ್ರಕ್ಕೆ ಕಣ್ಣು ಮಾಯ್ದೀತೆ?

ನಮ್ಮ ಶಾಲೆಯ ಆರನೆಯ ತರಗತಿಯ ಹುಡುಗನೊಬ್ಬನ ಬಲಗಣ್ಣಿಗೆ ಆಟದಲ್ಲಿ ಚಿಣ್ಣಿ ಸಿಡಿದು ಕಾರ್ನಿಯಾ ಸೀಳಿತು. ತಂದೆ ತಡಮಾಡದೆ ಹೈದರಾಬಾದಿಗೆ ಕರೆದೊಯ್ದುದರಿಂದ ವೈದ್ಯರು ಸೀಳನ್ನು ಹೊಲಿದು ಕಣ್ಣನ್ನು ಉಳಿಸಿದರು. ತಿಂಗಳ ಬಳಿಕ ಮರುಪರೀಕ್ಷೆಯ ದಿನ ಸಮೀಪಿಸಿದಾಗ ತಾಯಿ ನಮ್ಮಲ್ಲಿಗೆ ಬಂದು, "ಹುಡುಗ ನೋವು ಅನ್ನಂಗಿಲ್ರಿ ಸರ್, ಕಣ್ಣೂ ಕೆಂಪಿಲ್ಲ. ಮತ್ಯಾಕ ಹೋಗಬೇಕ್ರಿ? ಎರಡು ದಿನದ ಕೂಲಿ ಹೋಗ್ತದ" ಎಂದರು.

ಈ ಪ್ರಶ್ನೆ ನಾರಾಯಣಪೇಟೆ, ಮಕ್ತಲ್, ಗದ್ವಾಲ ಸೀಮೆಯ ಅನೇಕ ಮನೆಗಳದ್ದು. ಭತ್ತದ ಹೊಟ್ಟು, ಜೋಳದ ಗರಿ, ಜಾಲಿಮುಳ್ಳುಗಳಿಂದ ಕಣ್ಣಿಗೆ ಪೆಟ್ಟಾಗುವುದು ನಮ್ಮಲ್ಲಿ ಅಪರೂಪವೇನಲ್ಲ. ಆದಕಾರಣ ಆ ತಾಯಿಗೆ ಹೇಳಿದ್ದನ್ನೇ ವಾಚಕರಿಗೂ ಅರಿಕೆ ಮಾಡುತ್ತಿದ್ದೇವೆ.

ಕಾರ್ನಿಯಾ ಎಂಬುದು ಕಣ್ಣಿನ ಮುಂಬದಿಯ ಪಾರದರ್ಶಕ ಪಟಲ. ಅದರ ನಡುಭಾಗದ ದಪ್ಪ ಸುಮಾರು ಅರ್ಧ ಮಿಲಿಮೀಟರ್ ಮಾತ್ರ. ರಕ್ತನಾಳಗಳಿಲ್ಲದಿರುವುದರಿಂದ ಅದು ತಿಳಿಯಾಗಿದೆ, ಮಾಯುವುದೂ ನಿಧಾನ. ಹೊರಪದರವು ಕೆಲವೇ ದಿನಗಳಲ್ಲಿ ಕೂಡಿಕೊಂಡು ನೋವು ಅಡಗುತ್ತದೆ. ಒಳಪದರಗಳು ಗಟ್ಟಿಯಾಗಲು ತಿಂಗಳುಗಳೇ ಬೇಕು. ದಾನಿಯ ಕಾರ್ನಿಯಾವನ್ನು ಕಸಿ ಮಾಡಿದಾಗಲಂತೂ ನರಗಳು ತುಂಡಾಗಿ ಸ್ಪರ್ಶಜ್ಞಾನವೇ ಕುಂದಿರುತ್ತದೆ. ದೇಹವು ಕಸಿಯನ್ನು ತಿರಸ್ಕರಿಸತೊಡಗಿದರೂ ಮೊದಮೊದಲು ನೋವು ಕಾಣದಿರಬಹುದು.

ಒಳಗಿನ ಸಂಗತಿಯನ್ನು ತೋರಿಸುವುದು ಓ.ಸಿ.ಟಿ. ಎಂಬ ಯಂತ್ರ. 1991ರಲ್ಲಿ ಅಮೆರಿಕದ ವಿಜ್ಞಾನಿಗಳು ಈ ವಿಧಾನವನ್ನು ಪ್ರಕಟಿಸಿದರು. 1994ರಲ್ಲಿ ಅದನ್ನು ಕಣ್ಣಿನ ಮುಂಭಾಗಕ್ಕೂ ಅನ್ವಯಿಸಲಾಯಿತು. ಬಾವಿಯಲ್ಲಿ ಕೂಗಿದಾಗ ಮಾರ್ದನಿ ಬರುವ ಹೊತ್ತಿನಿಂದ ಆಳವನ್ನು ಊಹಿಸುವಂತೆ, ಅವಕೆಂಪು ಬೆಳಕು ಒಂದೊಂದು ಪದರದಿಂದ ಮರಳುವುದನ್ನು ಅಳೆದು ಯಂತ್ರವು ಸೀಳುನೋಟದ ಚಿತ್ರವನ್ನು ಬರೆಯುತ್ತದೆ. ಇದು ಎಕ್ಸ್-ರೇ ಅಲ್ಲ. ಕಣ್ಣನ್ನು ಮುಟ್ಟುವುದೂ ಇಲ್ಲ. ಹೊಲಿಗೆ ಬಿದ್ದ ಹಸಿ ಕಣ್ಣಿಗೆ ಇದೇ ದೊಡ್ಡ ಉಪಕಾರ. ಗಾಯದ ಅಂಚುಗಳು ಸಮನಾಗಿ ಕೂಡಿವೆಯೆ, ಮೇಲೆ ಮುಚ್ಚಿದ್ದರೂ ಒಳಗೆ ಬಿರುಕು ಉಳಿದಿದೆಯೆ, ಊತದಿಂದ ಪಟಲ ದಪ್ಪಗಾಗಿದೆಯೆ, ಐರಿಸ್ ಗಾಯಕ್ಕೆ ಅಂಟಿಕೊಂಡಿದೆಯೆ ಎಂಬುದೆಲ್ಲ ಅದರಲ್ಲಿ ಗೋಚರಿಸುತ್ತದೆ. ನಾರಾಯಣಪೇಟೆಯ ಸೀರೆಯನ್ನು ಬಲ್ಲವರು ಮಗ್ಗುಲು ತಿರುವಿ ಹಿಂಬದಿಯ ನೇಯ್ಗೆಯನ್ನೂ ನೋಡುತ್ತಾರಷ್ಟೆ!

ಹಾಗೆಂದು ಚಿತ್ರವೇ ಸರ್ವಸ್ವವಲ್ಲ. ಸಡಿಲಗೊಂಡ ಹೊಲಿಗೆಯನ್ನೂ ಸೋಂಕಿನ ಸುಳಿವನ್ನೂ ವೈದ್ಯರು ಸ್ಲಿಟ್ ಲ್ಯಾಂಪಿನಲ್ಲಿ ಕಣ್ಣಾರೆ ಪರೀಕ್ಷಿಸಲೇಬೇಕು. ಮಕ್ಕಳಲ್ಲಿ ಹೊಲಿಗೆ ಬೇಗನೆ ಸಡಿಲವಾಗುವುದರಿಂದ ತಾರೀಖು ತಪ್ಪಿಸುವುದು ಇನ್ನೂ ಅಪಾಯಕರ. ನಡುವೆ ಕಣ್ಣು ಕೆಂಪಾದರೆ, ಮಬ್ಬಾದರೆ, ಬೆಳಕು ಸೈರಿಸದಾದರೆ ತಾರೀಖಿಗೆ ಕಾಯದೆ ಅಂದೇ ಹೊರಡತಕ್ಕದ್ದು. ಹಣದ ಚಿಂತೆಯುಳ್ಳವರಿಗೆ ಒಂದು ಮಾತು: 1987ರಿಂದ ಹೈದರಾಬಾದಿನಲ್ಲಿರುವ ಎಲ್.ವಿ. ಪ್ರಸಾದ್ ನೇತ್ರ ಸಂಸ್ಥೆಯಲ್ಲಿ ತೆರಲಾರದವರಿಗೆ ಉಚಿತ ಚಿಕಿತ್ಸೆಯ ಏರ್ಪಾಡಿದೆ.

ಹುಡುಗ ಹೋಗಿಬಂದ. ಒಳ ಅಂಚುಗಳು ಕೂಡಿದ್ದವು. ಒಂದು ತುದಿಯಲ್ಲಿ ಮಾತ್ರ ಊತ ಉಳಿದಿತ್ತಂತೆ. ಮನೆಯವರು ನಿಲ್ಲಿಸಬೇಕೆಂದಿದ್ದ ಹನಿಮದ್ದನ್ನು ವೈದ್ಯರು ಮುಂದುವರಿಸಿದ್ದಾರೆ. ಮುಂದಿನ ತಾರೀಖನ್ನು ಆ ತಾಯಿ ನಮ್ಮ ಹಾಜರಿ ಪುಸ್ತಕದಲ್ಲಿಯೇ ಬರೆಯಿಸಿ ಹೋದರು.