ಬೆಟ್ಟದ ಹಾದಿಯಲ್ಲಿ ನಮ್ಮ ದನಿ

2024ರ ಗಣರಾಜ್ಯೋತ್ಸವದ ರಜೆಯಲ್ಲಿ ಕುಮಾರಪರ್ವತಕ್ಕೆ ಸಾವಿರಾರು ಚಾರಣಿಗರು ಒಟ್ಟಿಗೇ ಮುಗಿಬಿದ್ದ ಚಿತ್ರಗಳು ರಾಜ್ಯದ ತುಂಬ ಹರಿದಾಡಿದವು. ಆ ಬಳಿಕ ಅರಣ್ಯ ಇಲಾಖೆ ಆನ್‌ಲೈನ್ ಬುಕಿಂಗ್ ಕಡ್ಡಾಯ ಮಾಡಿ, ಒಂದು ಚಾರಣದ ಹಾದಿಗೆ ದಿನಕ್ಕೆ 300 ಜನ ಎಂಬ ಮಿತಿ ತಂದಿತು. ಕಾಡು ಉಳಿಯಲಿ ಎಂದು ಈ ಮಿತಿಯನ್ನು ಒಪ್ಪಿಕೊಂಡವರು ಬಹಳ ಮಂದಿ ಇದ್ದಾರೆ. ಆದರೆ ಇದರಿಂದ ಮೊದಲ ಲಾಭ ಆಗುವುದು, ಗೆಳೆಯರ ಜೊತೆ ರಜೆ ಹಾಕಿ ಕಾಡುಪ್ರಾಣಿ ನೋಡಲೆಂದೇ ಬೆಟ್ಟಕ್ಕೆ ಹೊರಟವರಿಗೆ. ಅವರ ಪಾಲಿಗೆ 300 ಕೂಡ ಹೆಚ್ಚೇ ಎಂದು ನನಗನ್ನಿಸುತ್ತದೆ.

ಪಶ್ಚಿಮಘಟ್ಟದ ಎತ್ತರದ ಶಿಖರಗಳಲ್ಲಿ ನೆತ್ತಿಯೆಲ್ಲ ಹುಲ್ಲುಗಾವಲು, ಕಣಿವೆಯ ಮಡಿಕೆಗಳಲ್ಲಿ ಶೋಲಾ ಕಾಡು. ಇವೆರಡೂ ಕೂಡುವ ಅಂಚಿಗೆ ಕಡವೆ, ಕಾಟಿಗಳು ಮುಂಜಾನೆ ಮತ್ತು ಸಂಜೆ ಮೇಯಲು ಬರುತ್ತವೆ. ಕಡವೆಗೆ ಅನುಮಾನ ಬಂದರೆ ಕಿವಿ ನಿಮಿರುತ್ತದೆ, ಬಾಲ ಮೇಲೇಳುತ್ತದೆ, ಮುಂಗಾಲು ನೆಲ ಕುಟ್ಟುತ್ತದೆ. ಗಟ್ಟಿಯಾಗಿ ಒಂದು ಕೂಗು ಹಾಕಿತೆಂದರೆ ಸುತ್ತಲಿನ ಪ್ರಾಣಿಗಳೆಲ್ಲ ಎಚ್ಚರವಾಗುತ್ತವೆ. ಹಾಡು ಹಾಕಿಕೊಂಡು ಬಂದ ತಂಡ ತಿರುವು ದಾಟುವ ಹೊತ್ತಿಗೆ ಅಲ್ಲಿ ಉಳಿಯುವುದು ಹುಲ್ಲು ಮಾತ್ರ. ‘ಏನೂ ಕಾಣಲೇ ಇಲ್ಲ’ ಎಂದು ಬೇಸರಪಟ್ಟು ಇಳಿಯುವವರಲ್ಲಿ ಬಹಳ ಜನರಿಗೆ ತಮಗಿಂತ ಮೊದಲು ತಮ್ಮ ದನಿ ಅಲ್ಲಿಗೆ ತಲುಪಿತ್ತೆಂಬುದು ಗೊತ್ತೇ ಆಗುವುದಿಲ್ಲ.

ಇದು ಬರಿಯ ಊಹೆಯಲ್ಲ. ದಕ್ಷಿಣ ಆಫ್ರಿಕಾದ ಕ್ರೂಗರ್ ಕಾಡಿನ ನೀರಿನ ಹೊಂಡಗಳ ಬಳಿ ವಿಜ್ಞಾನಿಗಳು ಸ್ಪೀಕರ್ ಇಟ್ಟು ಸಿಂಹದ ಗುರುಗುಟ್ಟುವಿಕೆ, ನಾಯಿಯ ಬೊಗಳು, ಗುಂಡಿನ ಸದ್ದು, ಜನರ ಸಾಮಾನ್ಯ ಮಾತುಕತೆ ಎಲ್ಲವನ್ನೂ ಕೇಳಿಸಿದರು. 2023ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಸಿಂಹದ ಸದ್ದಿಗಿಂತ ಮನುಷ್ಯರ ಮಾತು ಕೇಳಿ ಪ್ರಾಣಿಗಳು ಓಡುವ ಸಂಭವ ಎರಡು ಪಟ್ಟು ಹೆಚ್ಚಿತ್ತು. ಆ ಮಾತಿನಲ್ಲಿ ಅರಚಾಟವಿರಲಿಲ್ಲ ಎಂಬುದನ್ನು ಗಮನಿಸಬೇಕು. ಹಲವು ಖಂಡಗಳ 62 ಜಾತಿಯ ಸಸ್ತನಿಗಳ ಮೇಲಿನ ಅಧ್ಯಯನಗಳನ್ನು ಒಟ್ಟುಗೂಡಿಸಿದ 2018ರ ಇನ್ನೊಂದು ವರದಿ, ಮನುಷ್ಯರ ಓಡಾಟವಿರುವಲ್ಲಿ ಪ್ರಾಣಿಗಳು ತಮ್ಮ ದಿನಚರಿಯನ್ನು ರಾತ್ರಿಯತ್ತ ಸರಿಸಿಕೊಳ್ಳುತ್ತವೆ ಎಂದು ತೋರಿಸಿತು. ಬೇಟೆಗಷ್ಟೇ ಅಲ್ಲ, ಚಾರಣಕ್ಕೂ ಅವು ಹೀಗೇ ಹೆದರುತ್ತವೆ.

ಸಫಾರಿ ಜೀಪಿಗೆ ಹುಲಿ, ಆನೆಗಳು ಒಗ್ಗಿಕೊಂಡಿಲ್ಲವೇ ಎಂದು ಕೇಳಬಹುದು. ಜೀಪು ದಿನವೂ ಅದೇ ದಾರಿಯಲ್ಲಿ ಸಾಗುತ್ತದೆ, ಒಳಗಿದ್ದವರು ಕೆಳಗಿಳಿಯುವುದಿಲ್ಲ. ಕಾಲ್ನಡಿಗೆಯ ಗುಂಪಿಗೆ ಆ ರಿಯಾಯಿತಿ ಸಿಗದು. ಇದಕ್ಕಿಂತ ತೂಕದ ಆಕ್ಷೇಪ ಸುರಕ್ಷತೆಯದು. ಕುಮಾರಪರ್ವತ ಇರುವ ಪುಷ್ಪಗಿರಿ ಅಭಯಾರಣ್ಯದಲ್ಲಿ ಆನೆಗಳಿವೆ. ಸದ್ದಿಲ್ಲದೆ ಹೋಗಿ ಎದುರುಬದುರಾಗಿ ಸಿಕ್ಕಿಬಿದ್ದರೆ ಜೀವಕ್ಕೇ ಅಪಾಯ. ಇದು ನಿಜ. ಆದ್ದರಿಂದಲೇ ಹಾದಿ ಬಲ್ಲ ಮಾರ್ಗದರ್ಶಿ ಮುಂದಿರಬೇಕು. ದಟ್ಟ ಪೊದೆಯ ಬಳಿ, ಕುರುಡು ತಿರುವಿನಲ್ಲಿ ಆತ ಒಮ್ಮೆ ಚಪ್ಪಾಳೆ ತಟ್ಟಿದರೆ ಸಾಕು. ಅದಕ್ಕೆ ಬ್ಲೂಟೂತ್ ಸ್ಪೀಕರ್ ಬೇಕಿಲ್ಲ. ಮಾತಿಲ್ಲದ ಮೇಲೆ ಗೆಳೆಯರ ಜೊತೆ ಹೋಗಿ ಏನು ಸುಖ ಎನ್ನುವವರಿಗೆ ಹೋಂಸ್ಟೇಯ ರಾತ್ರಿ ಇಡೀ ಇದೆ. ಹಗಲು ಕಾಡಂಚಿನಲ್ಲಿ ಕೂತಾಗ ಐದು ಜೊತೆ ಕಣ್ಣುಗಳಿಗೆ ಕಾಣುವಷ್ಟು ಒಬ್ಬನಿಗೆ ಕಾಣುವುದಿಲ್ಲ. ಬೆನ್ನು ತಿರುಗಿಸಿ ಅಲುಗಾಡದೆ ಕೂತು ಕೆಂಪು ಎದೆಯನ್ನು ಮರೆಮಾಡುವ ಮಲಬಾರ್ ಟ್ರೋಗನ್‌ನಂಥ ಹಕ್ಕಿಯನ್ನು ಗುರುತಿಸಿ, ಮೊಣಕೈ ತಿವಿದು ತೋರಿಸಲು ಪಕ್ಕದಲ್ಲೊಬ್ಬ ಗೆಳೆಯ ಬೇಕೇ ಬೇಕು.

ಶನಿವಾರ, ಭಾನುವಾರ ಬಿಟ್ಟರೆ ರಜೆಯೇ ಇಲ್ಲದವರಿಗೂ, ಚಾರಣಿಗರನ್ನು ನಂಬಿದ ಊರಿನವರಿಗೂ ಮಿತಿಯಿಂದ ಕಷ್ಟವಿದೆ. ಶುಲ್ಕ ಏರಿಸಿ ಜನರನ್ನು ತಡೆದರೆ ಬೆಟ್ಟ ಹಣವಂತರ ಪಾಲಾಗುತ್ತದೆ, ಆ ದಾರಿ ಬೇಡ. ಬದಲಿಗೆ ಐದಾರು ಜನಕ್ಕೊಬ್ಬರಂತೆ ಊರಿನವರನ್ನೇ ಮಾರ್ಗದರ್ಶಿಗಳಾಗಿ ಕಳಿಸಿದರೆ, ಹತ್ತುವವರ ಸಂಖ್ಯೆ ಇಳಿದರೂ ಊರಿಗೆ ಸಿಗುವ ಕೂಲಿ ಇಳಿಯಬೇಕಾಗಿಲ್ಲ.