ಬೆಳ್ತಂಗಡಿಯ ವಸಂತ ಬಂಗೇರರು

ಜನ ಮತ ಕೊಡುವುದು ಪಕ್ಷಕ್ಕೋ, ವ್ಯಕ್ತಿಗೋ? ಈ ಪ್ರಶ್ನೆ ಎದ್ದಾಗಲೆಲ್ಲ ನನಗೆ ನೆನಪಾಗುವವರು ಬೆಳ್ತಂಗಡಿಯ ಕೆ. ವಸಂತ ಬಂಗೇರರು. ಅವರು 1983ರಲ್ಲಿ ಭಾರತೀಯ ಜನತಾ ಪಕ್ಷದಿಂದ ವಿಧಾನಸಭೆಗೆ ಆರಿಸಿಬಂದರು. 1985ರಲ್ಲಿ ಇಡೀ ರಾಜ್ಯದಲ್ಲಿ ಆ ಪಕ್ಷಕ್ಕೆ ದಕ್ಕಿದ್ದು ಎರಡೇ ಸ್ಥಾನ, ಅವುಗಳಲ್ಲೊಂದು ಬೆಳ್ತಂಗಡಿ. ಅಂಥ ದುರ್ದಿನದಲ್ಲಿ ಪಕ್ಷದ ಮಾನ ಉಳಿಸಿದವರೇ ಮುಂದೆ ಅದನ್ನು ತೊರೆದರೆಂಬುದು ವಿಚಿತ್ರ. 1994ರಲ್ಲಿ ಜನತಾ ದಳದಿಂದ, 2008 ಮತ್ತು 2013ರಲ್ಲಿ ಕಾಂಗ್ರೆಸ್ಸಿನಿಂದ ಗೆದ್ದರು.

ಇದನ್ನು ಚಾಂಚಲ್ಯವೆನ್ನುವವರುಂಟು. ನಾನು ಹಾಗೆನ್ನಲಾರೆ, ಐದು ಗೆಲುವುಗಳೂ ಒಂದೇ ಕ್ಷೇತ್ರದವು. ಆದರೆ ಪಕ್ಷಾಂತರಕ್ಕೆ ಮನೆಯೂ ಬೆಲೆ ತೆರುತ್ತದೆ. 2008ರಲ್ಲಿ ಅವರಿಗೆ ಎದುರಾಳಿಯಾಗಿ ನಿಂತವರು, ಅದೇ ಕ್ಷೇತ್ರದ ಶಾಸಕರಾಗಿದ್ದ ಒಡಹುಟ್ಟಿದ ಪ್ರಭಾಕರ ಬಂಗೇರರು. ವಸಂತ ಬಂಗೇರರು 2018ರಲ್ಲಿ ಸೋತರು. 2024ರ ಮೇ 8ರಂದು ತೀರಿಕೊಂಡರು.