ಬಚ್ಚಲ ಬಿಸಿನೀರಿಗೆ ಹುಟ್ಟಿದ ವಿದ್ಯುದಾಗಾರ

ಇಂಧನ ಸುಟ್ಟು ವಿದ್ಯುತ್ ಮಾಡುವ ದೊಡ್ಡ ಸ್ಥಾವರಗಳಲ್ಲಿ ಬಹಳಷ್ಟು ಶಾಖ ಯಾರ ಉಪಯೋಗಕ್ಕೂ ಬಾರದೆ ಸಮುದ್ರಕ್ಕೋ ಗಾಳಿಗೋ ಸೇರಿಹೋಗುತ್ತದೆ. ಅದನ್ನು ನೂರು ಕಿಲೋಮೀಟರ್ ಆಚೆಯ ಮನೆಗೆ ಸಾಗಿಸುವುದು ಆಗದ ಮಾತು. ಅತ್ತ ಅದೇ ಹೊತ್ತಿನಲ್ಲಿ ಆ ಮನೆಯವರು ಸ್ನಾನದ ನೀರಿಗಾಗಿ ಬೇರೆಯೇ ಅನಿಲ ಉರಿಸುತ್ತಿರುತ್ತಾರೆ. ಈ ಎರಡು ನಷ್ಟಗಳನ್ನು ಒಂದೇ ಪೆಟ್ಟಿಗೆಯಲ್ಲಿ ನೀಗಿಸಲು ಜಪಾನ್ ಮೂರು ದಶಕ ದುಡಿಯಿತು. ಅದರ ಫಲವೇ ಗೋಡೆಗೆ ಒರಗಿ ನಿಲ್ಲುವ ‘ಎನೆ-ಫಾರ್ಮ್’. ಕೊಳವೆಯಲ್ಲಿ ಬರುವ ಅನಿಲದಿಂದ ಮನೆಯಲ್ಲೇ ವಿದ್ಯುತ್ತನ್ನೂ ಬಿಸಿನೀರನ್ನೂ ಕೊಡುವ ಇಂಧನ ಕೋಶ ಅದು. ಅದರ ತಾಂತ್ರಿಕ ಸಾಧನೆ ದೊಡ್ಡದು, ಅನುಮಾನವಿಲ್ಲ. ಆದರೆ ಇಂಗಾಲದ ಲೆಕ್ಕದಲ್ಲಿ ಅದಕ್ಕೆ ಬಂದ ಹೆಸರು ಯಂತ್ರವೊಂದರಿಂದಲೇ ಬಂದದ್ದಲ್ಲ, ಸುತ್ತಲಿನ ವಿದ್ಯುತ್ ಜಾಲ ಹೊಗೆ ಉಗುಳುತ್ತಿದ್ದುದರಿಂದ ಬಂದದ್ದು. ಜಾಲ ಶುದ್ಧವಾದಂತೆ ಈ ಯಂತ್ರಕ್ಕೆ ಕೊಡುವ ಸ್ಥಾನವೂ ಬದಲಾಗಲೇಬೇಕು.

ಜಲಜನಕವನ್ನೂ ಆಮ್ಲಜನಕವನ್ನೂ ಕೂಡಿಸಿದರೆ ನೀರಿನೊಂದಿಗೆ ವಿದ್ಯುತ್ತೂ ಹುಟ್ಟುತ್ತದೆಂದು ವೇಲ್ಸ್‌ನ ವಿಲಿಯಂ ಗ್ರೋವ್ 1839ರ ಸುಮಾರಿಗೇ ತೋರಿಸಿದ್ದರು. ಅದು ನಿಜವಾಗಿ ಕೆಲಸಕ್ಕೆ ಬಂದದ್ದು ಬಾಹ್ಯಾಕಾಶದಲ್ಲಿ: 1965ರ ಜೆಮಿನಿ 5 ನೌಕೆಯಲ್ಲಿ, ಆಮೇಲೆ ಅಪೊಲೊ ಯಾತ್ರೆಗಳಲ್ಲಿ. ಭೂಮಿಯ ಮೇಲೆ ಅದಕ್ಕೆ ಒತ್ತಾಸೆ ಸಿಕ್ಕಿದ್ದು 1973ರ ತೈಲ ಬಿಕ್ಕಟ್ಟಿನಿಂದ. ಇಂಧನವನ್ನು ಬಹುಪಾಲು ಹಡಗಿನಲ್ಲಿ ತರಿಸಿಕೊಳ್ಳುವ ಜಪಾನಿಗೆ ಉಳಿತಾಯವೇ ಒಂದು ಗಣಿಯಂತೆ ಕಂಡಿತು. 1978ರಲ್ಲಿ ಅಲ್ಲಿನ ಸರ್ಕಾರ ಆರಂಭಿಸಿದ ‘ಮೂನ್‌ಲೈಟ್’ ಯೋಜನೆಯಡಿ ಇಂಧನ ಕೋಶದ ಸಂಶೋಧನೆಗೆ ಹಣ ಹರಿಯಿತು. 2005ರಲ್ಲಿ ಪ್ರಧಾನಿಯ ಅಧಿಕೃತ ನಿವಾಸದಲ್ಲಿ ಗೃಹಬಳಕೆಯ ಕೋಶ ಬಂದು ಕೂತಿತು. ಅದೇ ವರ್ಷ ಶುರುವಾದ ಕ್ಷೇತ್ರ ಪರೀಕ್ಷೆಯಲ್ಲಿ ನಾಲ್ಕು ವರ್ಷಗಳಲ್ಲಿ ಮೂರು ಸಾವಿರಕ್ಕೂ ಹೆಚ್ಚು ಮನೆಗಳಿಗೆ ಯಂತ್ರ ಹೋಯಿತು. 2009ರಲ್ಲಿ ಮಾರಾಟ ತೆರೆದಾಗ ಬೆಲೆ 30 ಲಕ್ಷ ಯೆನ್ ದಾಟಿತ್ತು. ಸರ್ಕಾರ ಗರಿಷ್ಠ 14 ಲಕ್ಷ ಯೆನ್ ಸಹಾಯಧನ ಕೊಟ್ಟಿತು. ಹತ್ತು ವರ್ಷದೊಳಗೆ ಬೆಲೆ ಅರ್ಧಕ್ಕಿಂತ ಕೆಳಗಿಳಿಯಿತು.

ಪೆಟ್ಟಿಗೆಯೊಳಗೆ ನಡೆಯುವುದು ಸಣ್ಣ ರಾಸಾಯನಿಕ ಕಾರ್ಖಾನೆಯ ಕೆಲಸ. ಅನಿಲ ಸೋರಿದರೆ ಮೂಗಿಗೆ ತಿಳಿಯಲೆಂದು ಬೆರೆಸಿದ ಗಂಧಕದ ವಾಸನೆಯನ್ನು ಮೊದಲು ತೆಗೆಯಬೇಕು. ಆಮೇಲೆ ಮೀಥೇನನ್ನು ಹಬೆಯೊಂದಿಗೆ ಬಿಸಿ ವೇಗವರ್ಧಕದ ಮೇಲೆ ಹಾಯಿಸಿ ಜಲಜನಕ ಬಿಡಿಸಬೇಕು. ಜೊತೆಗೆ ಹುಟ್ಟುವ ಕಾರ್ಬನ್ ಮಾನಾಕ್ಸೈಡ್ ಹತ್ತು ಲಕ್ಷಕ್ಕೆ ಹತ್ತು ಪಾಲಿಗಿಂತ ಹೆಚ್ಚು ಉಳಿದರೂ ಮೊದಲು ಮಾರಾಟಕ್ಕೆ ಬಂದ ಪಾಲಿಮರ್ ಕೋಶದ ಪ್ಲಾಟಿನಂ ಹಾಳಾಗುತ್ತದೆ. 2011ರಲ್ಲಿ ಮಾರುಕಟ್ಟೆಗೆ ಬಂದ ಘನ ಆಕ್ಸೈಡ್ ಕೋಶ ಸುಮಾರು 700 ಡಿಗ್ರಿಯಲ್ಲಿ ದುಡಿಯುವುದರಿಂದ ಅದಕ್ಕೆ ಈ ನಾಜೂಕಿಲ್ಲ, ವಿದ್ಯುತ್ ದಕ್ಷತೆಯೂ ಹೆಚ್ಚು. ಯಂತ್ರ ಕೊಡುವುದು 700 ವಾಟ್ ಆಸುಪಾಸು ಮಾತ್ರ. ಮನೆಯ ದಿನವಿಡೀ ಬಳಕೆಗೆ ಹೊಂದಿಸಿದ ಅಳತೆ ಅದು. ಜಪಾನಿನ ಮನೆಯ ಇಂಧನದಲ್ಲಿ ಹತ್ತಿರಹತ್ತಿರ ಮೂರನೇ ಒಂದು ಪಾಲು ಬಿಸಿನೀರಿಗೇ ಹೋಗುತ್ತದೆ. ರಾತ್ರಿ ತೊಟ್ಟಿ ತುಂಬ ಬಿಸಿನೀರಲ್ಲಿ ಕೂರುವುದು ಅಲ್ಲಿನವರ ನಿತ್ಯದ ರೂಢಿ. ವರ್ಷವಿಡೀ ಶಾಖ ಬೇಡುವ ಇಂಥ ಮನೆ ಸಿಗದಿದ್ದರೆ ಈ ಯಂತ್ರಕ್ಕೆ ನೆಲೆಯೇ ಇರುತ್ತಿರಲಿಲ್ಲ. ವ್ಯಾಪಾರದ ಕಾರಣವೂ ಇತ್ತು. ಗಾಳಿಯ ಶಾಖವನ್ನು ಹೀರಿ ನೀರು ಕಾಯಿಸುವ ‘ಎಕೊಕ್ಯೂಟ್’ ಹೀಟ್ ಪಂಪ್ 2001ರಲ್ಲಿ ಬಂದು, ವಿದ್ಯುತ್ ಕಂಪನಿಗಳು ಅನಿಲದ ಸಂಪರ್ಕವೇ ಬೇಡದ ಮನೆಗಳನ್ನು ಮಾರತೊಡಗಿದ್ದವು. ಗ್ರಾಹಕರನ್ನು ಉಳಿಸಿಕೊಳ್ಳಬೇಕಿದ್ದ ಅನಿಲ ಕಂಪನಿಗಳಿಗೆ ಎನೆ-ಫಾರ್ಮ್ ಆಸರೆಯಾಯಿತು.

ಈಗ ಲೆಕ್ಕ ಹಾಕಿ ನೋಡೋಣ. ಒಂದು ಯೂನಿಟ್ ಶಾಖದಷ್ಟು ನೈಸರ್ಗಿಕ ಅನಿಲ ಉರಿದರೆ ಸುಮಾರು 0.2 ಕೆ.ಜಿ. ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಶೇ 55 ದಕ್ಷತೆಯ ಘನ ಆಕ್ಸೈಡ್ ಕೋಶ ಒಂದು ಯೂನಿಟ್ ವಿದ್ಯುತ್ತಿಗೆ 1.8 ಯೂನಿಟ್ ಅನಿಲ ತಿನ್ನುತ್ತದೆ, ಅಂದರೆ 0.36 ಕೆ.ಜಿ. ಜೊತೆಗೆ ಸಿಗುವ ಬಿಸಿನೀರನ್ನು ಬಾಯ್ಲರಿನಲ್ಲಿ ಕಾಯಿಸಿದ್ದರೆ 0.13 ಕೆ.ಜಿ. ಆಗುತ್ತಿತ್ತು. ಅದನ್ನು ಕಳೆದರೆ ಮನೆಯ ವಿದ್ಯುತ್ತಿನ ಪಾಲಿಗೆ ಉಳಿಯುವುದು 0.23 ಕೆ.ಜಿ. 2011ರ ಭೂಕಂಪದ ನಂತರ ಅಣು ರಿಯಾಕ್ಟರುಗಳು ನಿಂತಾಗ ಜಪಾನಿನ ಜಾಲದ ಸರಾಸರಿ ಯೂನಿಟ್ಟಿಗೆ 0.55 ಕೆ.ಜಿ. ಮೀರಿತ್ತು. ಅದರ ಎದುರು ಎನೆ-ಫಾರ್ಮ್ ನಿಜಕ್ಕೂ ಅರ್ಧಕ್ಕರ್ಧ ಉಳಿಸುತ್ತಿತ್ತು. ಆದರೆ ಅದೇ ಯಂತ್ರವನ್ನು ಯೂನಿಟ್ಟಿಗೆ 0.1 ಕೆ.ಜಿ.ಯೂ ಇಲ್ಲದ ಫ್ರಾನ್ಸಿನಲ್ಲಿ ನಿಲ್ಲಿಸಿದರೆ ಅದು ಹೊಗೆ ಹೆಚ್ಚಿಸುತ್ತದೆ. ಇಲ್ಲೊಂದು ಮಾತು ಮರೆಯಬಾರದು: ಬಾಯ್ಲರಿನ ಜಾಗದಲ್ಲಿ ಒಂದಕ್ಕೆ ಮೂರರಷ್ಟು ಶಾಖ ಕೊಡುವ ಹೀಟ್ ಪಂಪನ್ನು ಇಟ್ಟು ಹೋಲಿಸಿದರೆ, ಜಾಲ 0.3 ಕೆ.ಜಿ.ಗೆ ಇಳಿದಾಗಲೇ ಇಂಧನ ಕೋಶದ ಮೇಲುಗೈ ಮುಗಿಯುತ್ತದೆ. ಜಪಾನ್ ಸರ್ಕಾರ 2021ರಲ್ಲಿ ತಾನೇ 2030ಕ್ಕೆ ಗುರಿಯಿಟ್ಟದ್ದು 0.25 ಕೆ.ಜಿ.

ಸರಾಸರಿಯನ್ನು ಹಿಡಿಯುವುದೇ ತಪ್ಪು ಎಂದು ಅನಿಲ ಕಂಪನಿಗಳು ವಾದಿಸುತ್ತವೆ. ಮನೆಯೊಂದು ಜಾಲದಿಂದ ಕಡಿಮೆ ವಿದ್ಯುತ್ ಎಳೆದಾಗ ಸೌರಫಲಕವನ್ನೋ ಅಣು ಸ್ಥಾವರವನ್ನೋ ಯಾರೂ ತಗ್ಗಿಸುವುದಿಲ್ಲ, ತಗ್ಗುವುದು ಉಷ್ಣ ಸ್ಥಾವರ. ಆದ್ದರಿಂದ ಅದರ 0.65ರಷ್ಟು ಅಂಕಿಯನ್ನೇ ಹಿಡಿಯಬೇಕು ಎನ್ನುತ್ತವೆ. ಇಂದಿನ ಒಂದು ಗಂಟೆಯ ಮಟ್ಟಿಗೆ ಇದು ಸರಿಯಾದ ತರ್ಕ. ಆದರೆ ಯಂತ್ರ ಕೂರಿಸುವುದು ಹತ್ತು ಹದಿನೈದು ವರ್ಷದ ನಿರ್ಧಾರ. ಅಷ್ಟರಲ್ಲಿ ಹಳೆಯ ಕಲ್ಲಿದ್ದಲು ಸ್ಥಾವರಗಳು ಮುಚ್ಚುತ್ತವೆ. ಕ್ಯೂಷು ದ್ವೀಪದಲ್ಲಿ 2018ರಿಂದಲೇ ಬಿಸಿಲು ಹೆಚ್ಚಾದ ದಿನ ಸೌರ ವಿದ್ಯುತ್ತನ್ನು ನಿಲ್ಲಿಸಬೇಕಾಗಿ ಬಂದಿದೆ. ಅಂಥ ಮಧ್ಯಾಹ್ನ ಮನೆಯ ಗೋಡೆಯ ಪಕ್ಕ ಅನಿಲದಿಂದ ಹುಟ್ಟಿದ ವಿದ್ಯುತ್ ತಡೆಯುವುದು ಬಿಸಿಲನ್ನೇ. ಜೊತೆಗೆ, ಅನಿಲವನ್ನು ದ್ರವವಾಗಿಸಿ ಹಡಗಿನಲ್ಲಿ ತರುವ ಖರ್ಚನ್ನು, ದಾರಿಯಲ್ಲಿ ಸೋರುವ ಮೀಥೇನನ್ನು ಮೇಲಿನ ಲೆಕ್ಕದಲ್ಲಿ ನಾನು ಸೇರಿಸಿಯೇ ಇಲ್ಲ.

ಮುಂದೆ ಕೊಳವೆಯಲ್ಲಿ ಹಸಿರು ಜಲಜನಕ ಹರಿದರೆ ಯಂತ್ರವೂ ಹಸಿರಾಗುತ್ತದೆ ಎಂಬುದು ಇನ್ನೊಂದು ಭರವಸೆ. ಟೋಕಿಯೊದ ಹಳೆಯ ಒಲಿಂಪಿಕ್ ಗ್ರಾಮ ಹರುಮಿ ಫ್ಲ್ಯಾಗ್‌ನಲ್ಲಿ ಜಲಜನಕದ ಕೊಳವೆ ಈಗಾಗಲೇ ಕೆಲಸ ಮಾಡುತ್ತಿದೆ. ಆದರೂ ಸಾಮಾನ್ಯ ಮನೆಗೆ ಇದು ದುಬಾರಿ ಸುತ್ತುದಾರಿ. ನೂರು ಯೂನಿಟ್ ವಿದ್ಯುತ್ತಿನಿಂದ ನೀರನ್ನು ಒಡೆದರೆ ಎಪ್ಪತ್ತರಷ್ಟು ಜಲಜನಕ ಸಿಗುತ್ತದೆ. ಅದು ಮನೆ ತಲುಪಿ ಮತ್ತೆ ವಿದ್ಯುತ್ತಾಗುವಾಗ ನಲವತ್ತಕ್ಕಿಂತ ಕಡಿಮೆ, ಬಿಸಿನೀರು ಸೇರಿಸಿದರೂ ಎಪ್ಪತ್ತರೊಳಗೆ. ಅದೇ ನೂರು ಯೂನಿಟ್ ಹೀಟ್ ಪಂಪಿಗೆ ಹೋದರೆ ಮುನ್ನೂರರಷ್ಟು ಶಾಖ ಕೊಡುತ್ತದೆ. ಜಲಜನಕ ಬೇರೆ ದಾರಿಯಿಲ್ಲದ ಉಕ್ಕಿಗೆ, ಗೊಬ್ಬರಕ್ಕೆ ಮೊದಲು ಸಿಗಬೇಕು.

ಉಳಿದ ಒಂದು ಆಕ್ಷೇಪಕ್ಕೆ ಮಾತ್ರ ನಾನು ಪೂರ್ತಿ ತಲೆಬಾಗುತ್ತೇನೆ. ಚಳಿಗಾಲದ ಸಂಜೆ ಬಿಸಿಲಿಲ್ಲದಾಗ, ಎಲ್ಲ ಮನೆಗಳ ಹೀಟ್ ಪಂಪುಗಳೂ ಒಟ್ಟಿಗೆ ತಿರುಗುವಾಗ ಇಂಧನ ಕೋಶ ಜಾಲದ ಭಾರ ಇಳಿಸುತ್ತದೆ. ಅನಿಲ, ನೀರು ಬರುತ್ತಿದ್ದರೆ ಕರೆಂಟು ಹೋದರೂ ದೀಪ ಉರಿಸುವ ಮಾದರಿಗಳು 2011ರ ಅನುಭವದ ನಂತರವೇ ಬಂದವು. ಆಸ್ಪತ್ರೆ, ವೃದ್ಧಾಶ್ರಮ, ಹಿಮ ಬೀಳುವ ಪ್ರದೇಶಗಳಲ್ಲಿ ಇದು ಚಿಕ್ಕ ಮಾತಲ್ಲ. ಆದರೆ ಇದು ವರ್ಷಕ್ಕೆ ಕೆಲವು ನೂರು ಗಂಟೆಗಳ ಸೇವೆ. ಎನೆ-ಫಾರ್ಮ್ ಮಾರಾಟವಾದದ್ದು ವರ್ಷವಿಡೀ ಓಡುವ ಯಂತ್ರವಾಗಿ. 2030ರೊಳಗೆ 53 ಲಕ್ಷ ಮನೆಗಳೆಂಬ ಗುರಿಯನ್ನು ಸರ್ಕಾರ ಆಮೇಲೆ 30 ಲಕ್ಷಕ್ಕೆ ಇಳಿಸಿತು. 2023ರ ಸುಮಾರಿಗೆ ತಲುಪಿದ್ದು 5 ಲಕ್ಷ. ಎಕೊಕ್ಯೂಟ್ 2020ರಲ್ಲೇ 70 ಲಕ್ಷ ದಾಟಿತ್ತು. ಇನ್ನು ಕೊಡುವ ಸಹಾಯಧನವನ್ನು ಯಂತ್ರದ ಎಣಿಕೆಗೆ ಕೊಡದೆ, ಜಾಲ ಬಳಲುವ ಆ ಗಂಟೆಗಳಲ್ಲಿ ಅದು ಕೊಟ್ಟ ಯೂನಿಟ್ಟುಗಳಿಗೆ ಕೊಡುವುದು ನ್ಯಾಯ. ಬಿಸಿಲಿನ ಮಧ್ಯಾಹ್ನ ಅದು ಸುಮ್ಮನಿದ್ದರೆ ಸಾಕು.